ಬೆಟ್ಟದ ಪರೀಕ್ಷೆಗೆ ನಿಂತ ಹೊಸ ಫೋನ್: ನೀಲಗಿರಿಯ ಮಳೆ, ಚಳಿ, ಸಿಗ್ನಲ್ ಎದುರು ಯಾವುದು ಗಟ್ಟಿ?

ಗೂಡಲೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಫೋನ್‌ಗೂ ಬೆಂಗಳೂರಿನ ಮಾಲ್‌ನಲ್ಲಿರುವ ಫೋನ್‌ಗೂ ಏನೂ ವ್ಯತ್ಯಾಸ ಇಲ್ಲ. ಪೆಟ್ಟಿಗೆ ಅದೇ, ಬೆಲೆ ಅದೇ, ಜಾಹೀರಾತಿನ ಮಾತೂ ಅದೇ. ವ್ಯತ್ಯಾಸ ಶುರುವಾಗುವುದು ಪೆಟ್ಟಿಗೆ ಒಡೆದ ಮೇಲೆ. ಬೆಂಗಳೂರಿನ ಫೋನ್ ಆಫೀಸಿನ ಮೇಜಿನ ಮೇಲೆ ಮಲಗಿರುತ್ತದೆ. ಗೂಡಲೂರಿನ ಫೋನ್ ಜೂನ್‌ನಿಂದ ನೆನೆಯಲು ಶುರು ಮಾಡುತ್ತದೆ, ಜೀಪಿನ ಡ್ಯಾಶ್‌ಬೋರ್ಡಿನಿಂದ ಬೀಳುತ್ತದೆ, ಮಸಿನಗುಡಿ ದಾಟಿದರೆ ಸಿಗ್ನಲ್ ಹುಡುಕಿ ಹುಡುಕಿ ಚಾರ್ಜ್ ಕಳೆದುಕೊಳ್ಳುತ್ತದೆ, ಜನವರಿಯ ಊಟಿಯಲ್ಲಿ ಚಳಿಗೆ ಮುದುಡುತ್ತದೆ.

ಹಾಗಾಗಿ ಯಾವ ಫೋನ್ ಒಳ್ಳೆಯದು ಎಂಬ ಪ್ರಶ್ನೆಗೆ ಎಲ್ಲಾ ಊರಿಗೂ ಒಂದೇ ಉತ್ತರ ಇರಲು ಸಾಧ್ಯವಿಲ್ಲ. ಮಂಗಳೂರು, ಉಳ್ಳಾಲ, ಬಂಟ್ವಾಳದ ಯುವಕರು ಮಳೆಗಾಲದ ರಜೆಗೆ ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತುತ್ತಾರೆ. ಅಲ್ಲೇ ಅಂಗಡಿ, ಹೋಟೆಲ್, ವಾಹನ ನಂಬಿಕೊಂಡು ಬದುಕುವವರೂ ಇದ್ದಾರೆ. ಇಬ್ಬರಿಗೂ ಫೋನ್ ಈಗ ಶೋಕಿಯ ವಸ್ತುವಲ್ಲ. ದಾರಿ ತೋರಿಸುವುದು, ಹಣ ಕೊಡುವುದು, ಮನೆಗೆ ಸುದ್ದಿ ಮುಟ್ಟಿಸುವುದು ಎಲ್ಲವೂ ಅದೇ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಹೊರಗಿನ ವಾಹನಗಳು ನೀಲಗಿರಿಗೆ ಬರಬೇಕಾದರೆ ಇ-ಪಾಸ್ ಬೇಕು. 2025ರ ಬೇಸಿಗೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನೂ ಹಾಕಲಾಯಿತು. ಆ ಪಾಸಿನ ಕ್ಯೂಆರ್ ಕೋಡ್ ಇರುವುದೂ ಫೋನಿನಲ್ಲೇ. ಚೆಕ್‌ಪೋಸ್ಟ್ ಎದುರು ಫೋನ್ ಸತ್ತರೆ ಪ್ರವಾಸ ಅಲ್ಲಿಗೇ ನಿಂತ ಹಾಗೆ.

ಮೂರು ಫೋನ್, ಮೂರು ದಾರಿ

ಮಧ್ಯಮ ವರ್ಗದ ಯುವಕರ ಬಜೆಟ್ ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದು ಸಾವಿರದ ಆಸುಪಾಸು. 2025ರ ಮೊದಲಾರ್ಧದಲ್ಲಿ ಈ ಬೆಲೆಯಲ್ಲಿ ಬಂದ ಮೂರು ಫೋನ್‌ಗಳನ್ನು ಎದುರು ಬದುರು ಇಟ್ಟರೆ ಮೂರು ಕಂಪೆನಿಗಳ ಮೂರು ಲೆಕ್ಕಾಚಾರ ಸ್ಪಷ್ಟವಾಗುತ್ತದೆ.

ಮೊದಲನೆಯದು ನಥಿಂಗ್ ಕಂಪೆನಿಯ ಸಿಎಂಎಫ್ ಫೋನ್ 2 ಪ್ರೊ. 2025ರ ಏಪ್ರಿಲ್ ಕೊನೆಗೆ ಬಿಡುಗಡೆಯಾದಾಗ ಬೆಲೆ 18,999 ರೂಪಾಯಿ. 6.77 ಇಂಚಿನ ಅಮೋಲೆಡ್ ಪರದೆ, ಮೀಡಿಯಾಟೆಕ್ ಡೈಮೆನ್ಸಿಟಿ 7300 ಪ್ರೊ ಚಿಪ್, 5,000 ಎಂಎಎಚ್ ಬ್ಯಾಟರಿ, 33 ವ್ಯಾಟ್ ಚಾರ್ಜಿಂಗ್. ಹಿಂದೆ ಮೂರು ಕ್ಯಾಮರಾ. ಅದರಲ್ಲಿ ಒಂದು ಎರಡು ಪಟ್ಟು ಹತ್ತಿರ ತೋರಿಸುವ 50 ಮೆಗಾಪಿಕ್ಸೆಲ್ ಟೆಲಿಫೋಟೊ. ಇಪ್ಪತ್ತು ಸಾವಿರದ ಒಳಗಿನ ಫೋನ್‌ಗಳಲ್ಲಿ ಇದು ಅಪರೂಪ.

ಎರಡನೆಯದು ಮೊಟೊರೊಲಾ ಎಡ್ಜ್ 60 ಫ್ಯೂಷನ್. ಅದೇ ಏಪ್ರಿಲ್ ಆರಂಭದಲ್ಲಿ 22,999 ರೂಪಾಯಿಗೆ ಬಂತು. ಅಂಚು ಬಾಗಿದ ಪರದೆ, 5,500 ಎಂಎಎಚ್ ಬ್ಯಾಟರಿ, 68 ವ್ಯಾಟ್ ಚಾರ್ಜಿಂಗ್, 256 ಜಿಬಿ ಸಂಗ್ರಹ. ಕಂಪೆನಿ ಎದೆ ತಟ್ಟಿ ಹೇಳಿಕೊಂಡದ್ದು ನೀರು ಮತ್ತು ಪೆಟ್ಟಿನಿಂದ ರಕ್ಷಣೆಯ ವಿಷಯವನ್ನು.

ಮೂರನೆಯದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ26. ಬಿಡುಗಡೆಯ ಬೆಲೆ 24,999 ರೂಪಾಯಿ. ಚಿಪ್ ಹಳೆಯ ಪೀಳಿಗೆಯದ್ದು, ಚಾರ್ಜಿಂಗ್ 25 ವ್ಯಾಟ್ ಮಾತ್ರ, ಪೆಟ್ಟಿಗೆಯಲ್ಲಿ ಚಾರ್ಜರ್ ಕೂಡ ಇಲ್ಲ. ಆದರೆ ಮುಂದೆಯೂ ಹಿಂದೆಯೂ ಗೊರಿಲ್ಲಾ ಗ್ಲಾಸ್ ವಿಕ್ಟಸ್ ಪ್ಲಸ್, ಜೊತೆಗೆ ಆರು ವರ್ಷಗಳ ಅಪ್‌ಡೇಟ್ ಭರವಸೆ.

ಜಾಹೀರಾತಿನ ಪಟ್ಟಿ ನೋಡಿದರೆ ಸಿಎಂಎಫ್ ಗೆದ್ದ ಹಾಗೆ ಕಾಣುತ್ತದೆ. ಕಡಿಮೆ ಬೆಲೆ, ಹೆಚ್ಚು ಕ್ಯಾಮರಾ, ಹಗುರ ದೇಹ. ಹೆಚ್ಚಿನ ಯೂಟ್ಯೂಬ್ ವಿಮರ್ಶೆಗಳ ಲೆಕ್ಕವೂ ಇಲ್ಲಿಗೆ ಮುಗಿಯುತ್ತದೆ. ಘಾಟಿ ಹತ್ತಿದ ಮೇಲೆ ಮಾತ್ರ ಬೇರೆ ಪ್ರಶ್ನೆಗಳು ಏಳುತ್ತವೆ.

ನೀರು, ಮಂಜು ಮತ್ತು ಐಪಿ ಅಂಕೆಗಳ ಮರ್ಮ

ನೀಲಗಿರಿಯಲ್ಲಿ ಮಳೆ ಎಂದರೆ ತಮಾಷೆ ಅಲ್ಲ. ಊಟಿ ಸಮೀಪದ ಅವಲಾಂಚೆಯಲ್ಲಿ 2019ರ ಆಗಸ್ಟ್ 8ರ ಒಂದೇ ದಿನದ ಲೆಕ್ಕದಲ್ಲಿ 800 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ಎಷ್ಟೋ ಊರುಗಳು ಇಡೀ ವರ್ಷದಲ್ಲಿ ಕಾಣುವ ಮಳೆ ಅದು. ಗೂಡಲೂರು, ದೇವಾಲ, ಪಂದಲೂರು ಕಡೆ ನೈಋತ್ಯ ಮುಂಗಾರು ನೇರವಾಗಿ ಬಡಿಯುತ್ತದೆ. ಅಲ್ಲಿ ಜೇಬಿನಲ್ಲಿರುವ ಫೋನ್ ನೆನೆಯುವುದು ಅಪಘಾತ ಅಲ್ಲ, ದಿನಚರಿ.

ಐಪಿ ಎಂಬ ಅಕ್ಷರದ ಮುಂದಿನ ಎರಡು ಅಂಕೆಗಳಿಗೆ ಮಹತ್ವ ಬರುವುದು ಇಲ್ಲಿಯೇ. ಮೊದಲ ಅಂಕೆ ಧೂಳಿನದ್ದು, ಎರಡನೆಯದು ನೀರಿನದ್ದು. ಸಿಎಂಎಫ್ ಫೋನ್‌ಗೆ ಇರುವುದು ಐಪಿ54. ಅಂದರೆ ಧೂಳು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ನೀರು ಸಿಡಿದರೆ ತೊಂದರೆ ಇಲ್ಲ, ನೀರಿಗೆ ಬಿದ್ದರೆ ಖಾತರಿ ಇಲ್ಲ. ಎ26ಕ್ಕೆ ಐಪಿ67. ಧೂಳು ಒಳ ಹೋಗದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳಬೇಕು. ಎಡ್ಜ್ 60 ಫ್ಯೂಷನ್‌ಗೆ ಐಪಿ68 ಮತ್ತು ಐಪಿ69 ಎರಡೂ ಇವೆ. ಇನ್ನೂ ಆಳದ ನೀರು, ಜೋರಾಗಿ ಚಿಮ್ಮುವ ಬಿಸಿ ನೀರು ಎರಡಕ್ಕೂ ಪರೀಕ್ಷೆ ಆಗಿದೆ ಎಂದರ್ಥ.

ಹಾಗಂತ ಈ ಅಂಕೆಗಳನ್ನು ಕಣ್ಣು ಮುಚ್ಚಿ ನಂಬುವುದೂ ಸರಿಯಲ್ಲ. ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಶುದ್ಧ ನೀರಿನಲ್ಲಿ, ಹೊಚ್ಚ ಹೊಸ ಫೋನ್ ಮೇಲೆ. ಎರಡು ವರ್ಷ ಬಳಸಿ, ನಾಲ್ಕು ಸಲ ಬಿದ್ದು, ಒಮ್ಮೆ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಿದ ಫೋನಿನ ಅಂಟು ಮೊದಲಿನಂತೆ ಇರುವುದಿಲ್ಲ. ಪನಂಬೂರು, ಉಳ್ಳಾಲದ ಸಮುದ್ರದ ಉಪ್ಪು ನೀರು ಈ ಪರೀಕ್ಷೆಯ ಲೆಕ್ಕದಲ್ಲೇ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಐಪಿ68 ಎಂದು ದೊಡ್ಡದಾಗಿ ಬರೆಯುವ ಕಂಪೆನಿಗಳೇ ವಾರಂಟಿ ಕಾಗದದ ಸಣ್ಣ ಅಕ್ಷರದಲ್ಲಿ ನೀರಿನಿಂದಾದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಆದ್ದರಿಂದ ಐಪಿ ಅಂಕೆ ಒಂದು ಕೊಡೆ ಇದ್ದ ಹಾಗೆ. ಮಳೆಗೆ ಹಿಡಿಯಬಹುದು, ಹೊಳೆ ದಾಟಲು ಅಲ್ಲ.

ಮಳೆಗಿಂತ ಮೆಲ್ಲಗೆ ಕೆಡಿಸುವುದು ಮಂಜು. ಊಟಿಯ ತಣ್ಣನೆ ಗಾಳಿಯಿಂದ ಫೋನನ್ನು ಒಮ್ಮೆಲೇ ಬೆಚ್ಚಗಿನ ಕೋಣೆಗೋ ಅಡುಗೆ ಮನೆಗೋ ತಂದರೆ, ಕನ್ನಡಕದ ಮೇಲೆ ಹಬೆ ಕೂರುವಂತೆ ಫೋನ್ ಮೇಲೂ ಕೂರುತ್ತದೆ. ಚಾರ್ಜಿಂಗ್ ರಂಧ್ರದಲ್ಲಿ ತೇವ ಇರುವಾಗ ವಯರ್ ಸಿಕ್ಕಿಸಿದರೆ ಒಳಗಿನ ಲೋಹದ ಕಡ್ಡಿಗಳು ತುಕ್ಕು ಹಿಡಿಯುತ್ತವೆ. ತೇವ ಇದೆ ಎಂದು ಫೋನ್ ಎಚ್ಚರಿಸಿದರೆ ಅದನ್ನು ತಳ್ಳಿಹಾಕದೆ ಒಣಗಲು ಬಿಡುವುದೇ ಬುದ್ಧಿವಂತಿಕೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆ ಮದ್ದಿನಿಂದ ಅಕ್ಕಿಯ ಹುಡಿ ರಂಧ್ರ ಸೇರುತ್ತದೆಯೇ ಹೊರತು ಹೆಚ್ಚಿನ ಪ್ರಯೋಜನ ಇಲ್ಲ.

ಬಿದ್ದರೆ ಏನಾಗುತ್ತದೆ?

ಗಟ್ಟಿತನದ ಬಗ್ಗೆ ಇನ್ನೊಂದು ಮಾತು ಈಗ ಜಾಹೀರಾತುಗಳಲ್ಲಿ ಮೆರೆಯುತ್ತಿದೆ: ಮಿಲಿಟರಿ ದರ್ಜೆ. ಎಡ್ಜ್ 60 ಫ್ಯೂಷನ್‌ಗೂ ಎಂಐಎಲ್-ಎಸ್‌ಟಿಡಿ-810ಎಚ್ ಎಂಬ ಹಣೆಪಟ್ಟಿ ಇದೆ. ಕೇಳಿದವರಿಗೆ ಸೈನ್ಯವೇ ಪರೀಕ್ಷೆ ಮಾಡಿ ಮುದ್ರೆ ಒತ್ತಿದೆ ಅನಿಸುತ್ತದೆ. ವಾಸ್ತವದಲ್ಲಿ ಇದು ಅಮೆರಿಕದ ರಕ್ಷಣಾ ಇಲಾಖೆ ಬರೆದಿಟ್ಟ ಪರೀಕ್ಷಾ ವಿಧಾನಗಳ ಪುಸ್ತಕ ಮಾತ್ರ. ಬಿಸಿ, ಚಳಿ, ತೇವ, ಕಂಪನ, ಬೀಳುವಿಕೆ ಹೀಗೆ ಅನೇಕ ವಿಧಾನಗಳಿವೆ. ಯಾವುದನ್ನು ಮಾಡಬೇಕು, ಎಷ್ಟು ಕಠಿಣವಾಗಿ ಮಾಡಬೇಕು ಎಂದು ಆರಿಸುವುದು ಕಂಪೆನಿಯೇ. ಸುಳ್ಳು ಎನ್ನಲು ಬರುವುದಿಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ.

ಇದಕ್ಕಿಂತ ಸರಳವಾದ ಸಂಗತಿಗಳನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಬಹುದು. ಪರದೆ ಚಪ್ಪಟೆಯಾಗಿದೆಯೇ, ಅಂಚಿನಲ್ಲಿ ಬಾಗಿದೆಯೇ? ಬಾಗಿದ ಪರದೆ ನೋಡಲು ಚೆಂದ, ಆದರೆ ಬಿದ್ದಾಗ ಪೆಟ್ಟು ಮೊದಲು ತಾಗುವುದು ಅಂಚಿಗೆ. ಅದಕ್ಕೆ ಸರಿಯಾಗಿ ಕೂರುವ ಟೆಂಪರ್ಡ್ ಗ್ಲಾಸ್ ಸಿಗುವುದೂ ಕಷ್ಟ. ಸಿಎಂಎಫ್ ಮತ್ತು ಎ26 ಎರಡರ ಪರದೆಯೂ ಚಪ್ಪಟೆ. ಇನ್ನು ಬೆನ್ನಿನ ವಿಷಯ. ಸಿಎಂಎಫ್‌ನದ್ದು ಪ್ಲಾಸ್ಟಿಕ್, ಎಡ್ಜ್ 60 ಫ್ಯೂಷನ್‌ನದ್ದು ಚರ್ಮದಂತೆ ಕಾಣುವ ಕೃತಕ ಹೊದಿಕೆ, ಎ26ದ್ದು ಗಾಜು. ಗಾಜಿನ ಬೆನ್ನು ಶ್ರೀಮಂತವಾಗಿ ಕಾಣುತ್ತದೆ. ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಸೀಟಿನಿಂದ ಜಾರಿ ಬಿದ್ದರೆ ಪ್ಲಾಸ್ಟಿಕ್‌ಗೆ ಗೀರು ಬೀಳುತ್ತದೆ, ಗಾಜು ಬಿರುಕು ಬಿಡುತ್ತದೆ. ಅಗ್ಗದ ವಸ್ತು ಎಂದರೆ ಕಳಪೆ ವಸ್ತು ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ.

ಅಂದರೆ ನೀರಿನ ವಿಷಯದಲ್ಲಿ ಮೊಟೊರೊಲಾ ಮುಂದೆ, ಬೀಳುವ ವಿಷಯದಲ್ಲಿ ಅದೇ ಫೋನಿನ ಬಾಗಿದ ಪರದೆ ಚಿಂತೆಯ ವಿಷಯ. ಸಿಎಂಎಫ್ ಬಿದ್ದರೆ ಬಚಾವಾಗಬಹುದು, ನೆನೆದರೆ ಕಷ್ಟ. ಎಲ್ಲದರಲ್ಲೂ ಗೆಲ್ಲುವ ಫೋನ್ ಈ ಬೆಲೆಯಲ್ಲಿ ಇಲ್ಲ.

ಸಿಗ್ನಲ್ ಇಲ್ಲದಿದ್ದರೆ 5ಜಿ ಎಂಬುದು ಬರೀ ಅಕ್ಷರ

ಬೆಟ್ಟದಲ್ಲಿ ಫೋನಿನ ಬೆಲೆ ನಿರ್ಧಾರವಾಗುವುದು ಕೊನೆಗೆ ಕಡ್ಡಿಗಳ ಲೆಕ್ಕದಲ್ಲಿ. ಊಟಿ ಪಟ್ಟಣ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಗೂಡಲೂರು ಇರುವುದು ಅದರ ಅರ್ಧಕ್ಕಿಂತಲೂ ಕಡಿಮೆ ಎತ್ತರದಲ್ಲಿ. ನಡುವೆ ಸುಮಾರು 50 ಕಿಲೋಮೀಟರ್ ಘಾಟಿ, ಕಣಿವೆ, ಶೋಲಾ ಕಾಡು, ಚಹಾ ತೋಟ. ಟವರ್‌ಗೂ ಫೋನ್‌ಗೂ ನಡುವೆ ಒಂದು ಗುಡ್ಡ ಬಂದರೆ ಸಾಕು, ನೆಟ್‌ವರ್ಕ್ ಕಟ್.

ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗುಡ್ಡದ ಬದಿ ಸುತ್ತಿ ಬರುತ್ತವೆ, ಮರ ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತವೆ. ಹೆಚ್ಚು ಆವರ್ತನದ ಅಲೆಗಳು ವೇಗದ ಇಂಟರ್ನೆಟ್ ಕೊಡುತ್ತವೆ, ದೂರ ಹೋಗುವುದಿಲ್ಲ. ಜಾಹೀರಾತಿನ 5ಜಿ ವೇಗ ಹೆಚ್ಚಾಗಿ 3,500 ಮೆಗಾಹರ್ಟ್ಸ್ ಆಸುಪಾಸಿನದ್ದು. ಅದು ಪೇಟೆಗೆ ಸರಿ. ಕಾಡಂಚಿನಲ್ಲಿ ಕೈ ಹಿಡಿಯುವುದು 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು. 2022ರ ಹರಾಜಿನಲ್ಲಿ ಜಿಯೋ 700 ಮೆಗಾಹರ್ಟ್ಸ್ ಪಡೆದಿದೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಕೂಡ 700ರ ಬ್ಯಾಂಡನ್ನು ಬಳಸುತ್ತದೆ. ಪೆಟ್ಟಿಗೆಯ ಮೇಲೆ ಬರೀ 5ಜಿ ಎಂದು ಬರೆದದ್ದು ನೋಡಿ ಖುಷಿ ಪಡುವ ಬದಲು, ಕಂಪೆನಿಯ ವೆಬ್‌ಸೈಟಿನ ವಿವರಪಟ್ಟಿಯಲ್ಲಿ 4ಜಿಗೆ ಬ್ಯಾಂಡ್ 5, 8, 28 ಮತ್ತು 5ಜಿಗೆ ಎನ್28 ಇದೆಯೇ ಎಂದು ನೋಡುವುದು ಎರಡು ನಿಮಿಷದ ಕೆಲಸ. ಕ್ಯಾಮರಾಕ್ಕೆ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವವರು ನೂರು ಜನ, ಯಾವ ಬ್ಯಾಂಡ್ ಎಂದು ಕೇಳುವವರು ಒಬ್ಬರೂ ಇಲ್ಲ.

ಇನ್ನೊಂದು ಉಪಾಯ ವೈಫೈ ಕಾಲಿಂಗ್. ಹೋಮ್‌ಸ್ಟೇಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು ಟವರ್ ಸಿಗದಿದ್ದರೆ, ಈ ಸೌಲಭ್ಯ ಆನ್ ಮಾಡಿಟ್ಟ ಫೋನ್‌ನಿಂದ ಸಾಮಾನ್ಯ ಕರೆಯನ್ನೇ ಮಾಡಬಹುದು. ಎರಡು ಸಿಮ್ ಹಾಕುವುದಾದರೆ ಎರಡೂ ಒಂದೇ ಕಂಪೆನಿಯದ್ದು ಆಗಿದ್ದರೆ ಬೆಟ್ಟದಲ್ಲಿ ಲಾಭ ಇಲ್ಲ. ಒಂದು ಕೈಕೊಟ್ಟ ಜಾಗದಲ್ಲಿ ಇನ್ನೊಂದು ಹಿಡಿಯಬೇಕು.

ಇದು ಬರೀ ಅನುಕೂಲದ ಮಾತಲ್ಲ. ಗೂಡಲೂರಿಗೆ ತಾಗಿಕೊಂಡಿರುವ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಅಂಥ ರಾತ್ರಿಯಲ್ಲಿ ಚಾರ್ಜ್ ಇರುವ, ಸಿಗ್ನಲ್ ಹಿಡಿಯುವ ಒಂದು ಫೋನ್ ಇಡೀ ಮನೆಯನ್ನು ಉಳಿಸಬಲ್ಲದು. ತುರ್ತು ಸಂಖ್ಯೆ 112ಕ್ಕೆ ಮಾಡಿದ ಕರೆ ತಮ್ಮ ಕಂಪೆನಿಯ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಸಿಗುವ ಬೇರೆ ನೆಟ್‌ವರ್ಕ್ ಮೂಲಕ ಹೋಗಬಲ್ಲದು. ಸರ್ಕಾರ 2023ರಲ್ಲಿ ಪರೀಕ್ಷಾರ್ಥವಾಗಿ ಎಲ್ಲರ ಫೋನ್‌ಗೂ ಕಿರಿಚುವ ಶಬ್ದದೊಂದಿಗೆ ಕಳಿಸಿದ ತುರ್ತು ಸಂದೇಶ ನೆನಪಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಈ ಎಮರ್ಜೆನ್ಸಿ ಅಲರ್ಟ್ ಆನ್ ಇದೆಯೇ ಎಂದು ಮಳೆಗಾಲಕ್ಕೆ ಮೊದಲು ನೋಡಿಕೊಳ್ಳಬೇಕು.

ಬ್ಯಾಟರಿಯನ್ನು ತಿನ್ನುವುದು ಕಾಡು, ಕುಗ್ಗಿಸುವುದು ಚಳಿ

ಪೇಟೆಯಲ್ಲಿ ಸಂಜೆವರೆಗೆ ಬರುವ 5,000 ಎಂಎಎಚ್ ಬ್ಯಾಟರಿ ಮಸಿನಗುಡಿಯಲ್ಲಿ ಮಧ್ಯಾಹ್ನಕ್ಕೇ ಬಸವಳಿಯುವುದು ಯಾಕೆ? ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕು. ಸಿಗ್ನಲ್ ಪೂರ್ತಿ ಹೋದರೆ ಮತ್ತೆ ಮತ್ತೆ ಹುಡುಕುತ್ತಲೇ ಇರುತ್ತದೆ. ಜೊತೆಗೆ ಮ್ಯಾಪ್ ಓಡುತ್ತಿದ್ದರೆ ಕೇಳುವುದೇ ಬೇಡ. ಕಾಡಿನ ದಾರಿಯಲ್ಲಿ ಫ್ಲೈಟ್ ಮೋಡ್ ಹಾಕಿ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಬ್ಯಾಟರಿ ಉಳಿಯುತ್ತದೆ. ಇ-ಪಾಸಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟರೆ ಚೆಕ್‌ಪೋಸ್ಟ್‌ನಲ್ಲಿ ಇಂಟರ್ನೆಟ್‌ಗಾಗಿ ಪರದಾಡುವುದೂ ತಪ್ಪುತ್ತದೆ.

ಊಟಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ತಾಪಮಾನ ಸೊನ್ನೆಯ ಹತ್ತಿರ ಇಳಿದು ಹುಲ್ಲಿನ ಮೇಲೆ ಹಿಮ ಕೂರುವುದುಂಟು. ಸಾಮಾನ್ಯವಾಗಿ ಸ್ಮಾರ್ಟ್‌ಫೋನ್‌ಗಳನ್ನು ಸೊನ್ನೆಯಿಂದ 35 ಡಿಗ್ರಿವರೆಗಿನ ಹವೆಗೆ ರೂಪಿಸಿರುತ್ತಾರೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಅದಕ್ಕೇ 30 ಶೇಕಡಾ ತೋರಿಸುತ್ತಿದ್ದ ಫೋನ್ ದಿಢೀರ್ ಆಫ್ ಆಗುವುದು. ಬೆಚ್ಚಗಾದ ಮೇಲೆ ಆ ಚಾರ್ಜ್ ಮರಳಿ ಬರುತ್ತದೆ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್‌ಗೆ ಹಾಕಿದರೆ ಬ್ಯಾಟರಿಗೆ ಶಾಶ್ವತ ಹಾನಿ ಆಗಬಹುದು. ಫೋನ್ ಜಾಕೆಟ್‌ನ ಒಳ ಜೇಬಿನಲ್ಲಿರಲಿ, ಬೈಕಿನ ಹ್ಯಾಂಡಲ್ ಮೇಲೆ ಬೇಡ.

ಈ ಲೆಕ್ಕದಲ್ಲಿ ಎಡ್ಜ್ 60 ಫ್ಯೂಷನ್‌ನ 5,500 ಎಂಎಎಚ್ ಮತ್ತು 68 ವ್ಯಾಟ್ ಚಾರ್ಜಿಂಗ್ ನಿಜವಾದ ಅನುಕೂಲ. ಮಳೆಗಾಲದಲ್ಲಿ ಕರೆಂಟ್ ಬಂದು ಹೋಗುವ ಊರಿನಲ್ಲಿ ಅರ್ಧ ಗಂಟೆಯಲ್ಲಿ ಎಷ್ಟು ತುಂಬುತ್ತದೆ ಎಂಬುದೇ ಮುಖ್ಯ. 25 ವ್ಯಾಟ್‌ನ ಎ26 ಇಲ್ಲಿ ಹಿಂದೆ ಬೀಳುತ್ತದೆ.

ಫಿಲ್ಮ್ ತಯಾರಿಸಿದ ಊರಿನಲ್ಲಿ ಕ್ಯಾಮರಾದ ಮಾತು

ಊಟಿಗೆ ಬರುವ ಯುವಕರು ಫೋನಿನಲ್ಲಿ ಮೊದಲು ನೋಡುವುದು ಕ್ಯಾಮರಾ. ಒಂದು ಕಾಲದಲ್ಲಿ ಇದೇ ಊರು ಭಾರತದ ಕ್ಯಾಮರಾಗಳಿಗೆ ಫಿಲ್ಮ್ ಒದಗಿಸುತ್ತಿತ್ತು ಎಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತು? 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿದ ಸರ್ಕಾರಿ ಕಂಪೆನಿ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್, 'ಇಂದು' ಎಂಬ ಹೆಸರಿನಲ್ಲಿ ಕಪ್ಪು ಬಿಳುಪು ಫಿಲ್ಮ್, ಎಕ್ಸ್‌ರೇ ಫಿಲ್ಮ್ ತಯಾರಿಸುತ್ತಿತ್ತು. ಕಾರ್ಖಾನೆ ಇದ್ದ ಜಾಗಕ್ಕೇ ಇಂದುನಗರ ಎಂಬ ಹೆಸರು ಬಂತು. ಕಾಲ ಬದಲಾಯಿತು, ಬಣ್ಣದ ಫಿಲ್ಮ್ ಬಂತು, ನಂತರ ಡಿಜಿಟಲ್ ಬಂತು. 1990ರ ದಶಕದಲ್ಲೇ ನಷ್ಟಕ್ಕೆ ಬಿದ್ದ ಕಂಪೆನಿ ಕೊನೆಗೆ ಬಾಗಿಲು ಹಾಕಿತು. ಬೆಟ್ಟದ ಅನೇಕ ಕುಟುಂಬಗಳ ಅನ್ನದ ದಾರಿ ಅದರೊಂದಿಗೆ ಮುಚ್ಚಿತು.

ತಂತ್ರಜ್ಞಾನ ಯಾರಿಗೂ ಕಾಯುವುದಿಲ್ಲ ಎಂಬ ಪಾಠ ತಮಿಳುನಾಡಿಗೆ ಮತ್ತೊಮ್ಮೆ ಸಿಕ್ಕಿತು. ಶ್ರೀಪೆರಂಬದೂರಿನಲ್ಲಿ 2006ರಲ್ಲಿ ಆರಂಭವಾದ ನೋಕಿಯಾ ಕಾರ್ಖಾನೆ 2014ರ ನವೆಂಬರ್‌ನಲ್ಲಿ ನಿಂತಿತು. ಇಂದು ಅದೇ ಶ್ರೀಪೆರಂಬದೂರಿನಲ್ಲಿ ಫಾಕ್ಸ್‌ಕಾನ್, ಹೊಸೂರಿನಲ್ಲಿ ಟಾಟಾ, ಗಡಿಯ ಈಚೆ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್‌ನಿಂದ 2023ರಲ್ಲಿ ಟಾಟಾ ಕೊಂಡ ಘಟಕ ಐಫೋನ್ ಕೆಲಸದಲ್ಲಿ ತೊಡಗಿವೆ. ಫೋನ್ ಕೊಳ್ಳುವುದರಲ್ಲಷ್ಟೇ ಅಲ್ಲ, ಅದನ್ನು ಜೋಡಿಸುವ, ರಿಪೇರಿ ಮಾಡುವ ಕೌಶಲದಲ್ಲೂ ಯುವಕರಿಗೆ ಭವಿಷ್ಯ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಸಿಎಂಎಫ್‌ನ ಟೆಲಿಫೋಟೊ ವಿಷಯ. ದೊಡ್ಡಬೆಟ್ಟದಿಂದ ಕಣಿವೆಯ ಚಿತ್ರ, ನೀಲಗಿರಿ ರೈಲಿನ ತಿರುವಿನ ಚಿತ್ರ, ಜನರ ಮುಖದ ಚಿತ್ರ ತೆಗೆಯಲು ಎರಡು ಪಟ್ಟು ಜೂಮ್ ಚೆನ್ನಾಗಿ ಒದಗುತ್ತದೆ. ಮುದುಮಲೈ ರಸ್ತೆ ಬದಿಯ ಆನೆಗೆ ಅದು ಸಾಲದು, ಇಪ್ಪತ್ತೈದು ಸಾವಿರದೊಳಗಿನ ಯಾವ ಫೋನೂ ಸಾಲದು. ಸಾಲದ್ದನ್ನು ಕಾಲ್ನಡಿಗೆಯಲ್ಲಿ ತುಂಬಿಸಲು ಹೋದವರ ಕಥೆ ಎಲ್ಲರೂ ನೋಡಿದ್ದಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ದಾರಿಯಲ್ಲಿ ವಾಹನದಿಂದಿಳಿದು ಕಾಡಾನೆಯ ಹತ್ತಿರ ಹೋದ ಪ್ರವಾಸಿಗನನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿದ ವೀಡಿಯೊ ದೇಶವಿಡೀ ಹರಿದಾಡಿತು. ಜೀವ ಉಳಿದದ್ದೇ ದೊಡ್ಡದು. ಮೇಲೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಈ ಲೇಖನದಲ್ಲಿ ಹೇಳಿದ ಯಾವುದೇ ಫೋನಿನ ಬೆಲೆಗಿಂತ ಅದು ಹೆಚ್ಚು. ಒಂದು ರೀಲ್‌ಗಾಗಿ ಮನೆಯಲ್ಲಿ ಕಾಯುವ ಉಮ್ಮನ ಎದೆಗೆ ಬೆಂಕಿ ಇಡುವ ಅಗತ್ಯ ಏನಿದೆ?

ಬೆಲೆ ಎಂದರೆ ಬಿಲ್ಲಿನ ಮೊತ್ತ ಅಲ್ಲ

ಫೋನ್ ಎಷ್ಟಕ್ಕೆ ಬಂತು ಎಂಬುದಕ್ಕಿಂತ ವರ್ಷಕ್ಕೆ ಎಷ್ಟು ಬಿತ್ತು ಎಂಬ ಲೆಕ್ಕ ಹೆಚ್ಚು ಪ್ರಾಮಾಣಿಕ. ಸುರಕ್ಷತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್, ಯುಪಿಐ ಇಟ್ಟುಕೊಳ್ಳುವುದು ಬೀಗ ಹಾಳಾದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಇಟ್ಟ ಹಾಗೆ. ಕಂಪೆನಿಗಳ ಭರವಸೆ ಹೀಗಿದೆ: ಸಿಎಂಎಫ್‌ಗೆ ಮೂರು ವರ್ಷ ಆಂಡ್ರಾಯ್ಡ್ ಹೊಸ ಆವೃತ್ತಿ, ಆರು ವರ್ಷ ಸುರಕ್ಷತೆ. ಮೊಟೊರೊಲಾಗೆ ಮೂರು ವರ್ಷ ಆವೃತ್ತಿ, ನಾಲ್ಕು ವರ್ಷ ಸುರಕ್ಷತೆ. ಎ26ಕ್ಕೆ ಎರಡೂ ಆರು.

ಬಿಡುಗಡೆಯ ಬೆಲೆಯನ್ನು ಸುರಕ್ಷತೆಯ ವರ್ಷಗಳಿಂದ ಭಾಗಿಸಿದರೆ ಸಿಎಂಎಫ್‌ಗೆ ವರ್ಷಕ್ಕೆ ಸುಮಾರು 3,170, ಎ26ಕ್ಕೆ 4,170, ಎಡ್ಜ್ 60 ಫ್ಯೂಷನ್‌ಗೆ 5,750 ರೂಪಾಯಿ. ಇಲ್ಲಿ ಸಿಎಂಎಫ್ ಮತ್ತೆ ಗೆಲ್ಲುತ್ತದೆ. ಆದರೆ ಎರಡನೇ ಮಳೆಗಾಲದಲ್ಲಿ ನೀರು ಹೊಕ್ಕು ಸತ್ತರೆ ಅದೇ ಫೋನಿನ ವರ್ಷದ ಬೆಲೆ 9,500 ರೂಪಾಯಿ. ಅಗ್ಗ, ದುಬಾರಿ ಎಂಬುದನ್ನು ನಿರ್ಧರಿಸುವುದು ಕಂಪೆನಿ ಮಾತ್ರವಲ್ಲ, ಬಳಸುವ ಜಾಗ ಮತ್ತು ಬಳಸುವ ಕೈ ಕೂಡ. ನಡುವೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನೂ ಇದಕ್ಕೆ ಸೇರಿಸಬೇಕು.

ಯುರೋಪಿನಲ್ಲಿ ಇಂಥ ಲೆಕ್ಕವನ್ನು ಗ್ರಾಹಕರ ತಲೆಗೆ ಬಿಟ್ಟಿಲ್ಲ. 2025ರ ಜೂನ್ 20ರಿಂದ ಅಲ್ಲಿ ಮಾರುವ ಹೊಸ ಫೋನ್‌ಗಳಿಗೆ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, 800 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿ 80 ಶೇಕಡಾ ಸಾಮರ್ಥ್ಯ ಉಳಿಸಿಕೊಳ್ಳಬೇಕು. ಬಿದ್ದರೆ ಎಷ್ಟು ತಾಳುತ್ತದೆ, ರಿಪೇರಿ ಎಷ್ಟು ಸುಲಭ ಎಂಬುದನ್ನು ಫ್ರಿಜ್‌ನ ನಕ್ಷತ್ರದ ಚೀಟಿಯಂತೆ ಲೇಬಲ್ ಮೇಲೆ ಬರೆಯಬೇಕು. ಭಾರತದಲ್ಲಿ ರಿಪೇರಿ ಸೂಚ್ಯಂಕದ ಬಗ್ಗೆ ಗ್ರಾಹಕ ವ್ಯವಹಾರಗಳ ಇಲಾಖೆಯ ಸಮಿತಿ 2025ರ ಮೇಯಲ್ಲಿ ವರದಿ ಕೊಟ್ಟಿದೆ. ಅದು ಕಾನೂನಿನ ಬಲ ಪಡೆಯುವವರೆಗೆ ಗ್ರಾಹಕನೇ ತನ್ನ ಇನ್‌ಸ್ಪೆಕ್ಟರ್. ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೊಳ್ಳುವ ಮೊದಲೇ ನೋಡಬೇಕು. ಒಡೆದ ಪರದೆಗಾಗಿ ಗೂಡಲೂರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿಗೆ ಎರಡು ಸಲ ಓಡಾಡಿದರೆ, ಉಳಿಸಿದ ಸಾವಿರ ರೂಪಾಯಿ ದಾರಿಯಲ್ಲೇ ಖಾಲಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್ ಬೇರೆ.

ಕಂತು ಮತ್ತು ಗಲ್ಫ್ ಫೋನ್

ಅಂಗಡಿಯಲ್ಲಿ ಕೇಳಿಬರುವ ಸಿಹಿ ಮಾತು ನೋ ಕಾಸ್ಟ್ ಇಎಂಐ. ಬಡ್ಡಿಯಿಂದ ದೂರ ಇರಬೇಕೆಂಬ ಎಚ್ಚರ ಉಳ್ಳ ಮನೆಗಳ ಯುವಕರೂ ಇದು ಬಡ್ಡಿ ಇಲ್ಲದ ಕಂತು ಎಂದು ನಂಬಿ ಸಹಿ ಹಾಕುತ್ತಾರೆ. ವಾಸ್ತವ ಬೇರೆ. ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕಿಯೇ ಇರುತ್ತದೆ. ಅಷ್ಟು ಮೊತ್ತವನ್ನು ಮಾರುವವರು ರಿಯಾಯಿತಿ ಎಂದು ತೋರಿಸುತ್ತಾರೆ, ಅಥವಾ ನಗದು ಕೊಟ್ಟರೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ. ಕಾರ್ಡ್ ಕಂತಾದರೆ ಆ ಬಡ್ಡಿಯ ಮೇಲೆ 18 ಶೇಕಡಾ ಜಿಎಸ್‌ಟಿ, ಮೇಲೆ ಪ್ರೊಸೆಸಿಂಗ್ ಶುಲ್ಕ. ಸೊನ್ನೆ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಖಡಕ್ಕಾಗಿ ಹೇಳಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಫೋನಿಗೂ ಅನ್ವಯಿಸುತ್ತದೆ. ಆರು ತಿಂಗಳು ಹಣ ಕೂಡಿಟ್ಟರೆ ಆ ಹೊತ್ತಿಗೆ ಅದೇ ಫೋನಿನ ಬೆಲೆ ಸಾಮಾನ್ಯವಾಗಿ ಇಳಿದಿರುತ್ತದೆ.

ಗಲ್ಫ್‌ನಲ್ಲಿ ದುಡಿಯುವ ಅಣ್ಣನೋ ಮಾವನೋ ರಜೆಗೆ ಬರುವಾಗ ತರುವ ಫೋನ್ ಇನ್ನೊಂದು ದಾರಿ. ಪ್ರೀತಿಯಿಂದ ತಂದದ್ದಕ್ಕೆ ಬೆಲೆ ಕಟ್ಟಲಾಗದು, ಆದರೆ ತರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಆ ದೇಶದ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ? ಅನೇಕ ಆಂಡ್ರಾಯ್ಡ್ ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕೆ ಸೀಮಿತ. ಇಲ್ಲಿನ ಬ್ಯಾಂಡ್‌ಗಳು ಅದರಲ್ಲಿ ಇವೆಯೇ? ಇಲ್ಲಿನ ಕಂಪೆನಿಗಳ ವೈಫೈ ಕಾಲಿಂಗ್ ಅದರಲ್ಲಿ ಕೆಲಸ ಮಾಡುತ್ತದೆಯೇ? ಬೇರೆ ದೇಶಕ್ಕೆಂದು ತಯಾರಾದ ಮಾದರಿಗಳಲ್ಲಿ ಈ ಸೌಲಭ್ಯ ಸಿಗದಿರುವುದುಂಟು. ಮಂಗಳೂರಿನಲ್ಲಿ ಗೊತ್ತೇ ಆಗದ ಈ ಕೊರತೆ ಮಸಿನಗುಡಿಯಲ್ಲಿ ತಟ್ಟನೆ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪರಿಶೀಲಿಸಬೇಕು. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇದು ಹಣದ ಪ್ರಶ್ನೆ ಮಾತ್ರವಲ್ಲ. ಗೊತ್ತಿಲ್ಲದೆ ಕೊಂಡರೂ ಠಾಣೆ ಮೆಟ್ಟಿಲು ಹತ್ತಬೇಕಾಗಬಹುದು.

ಹಾಗಾದರೆ ಯಾವುದು?

ದಿನವೂ ಮಳೆಯಲ್ಲಿ ನಿಂತು ದುಡಿಯುವ ಜೀಪ್ ಚಾಲಕ, ಡೆಲಿವರಿ ಹುಡುಗ, ತೋಟದ ಮೇಸ್ತ್ರಿಗೆ ಎಡ್ಜ್ 60 ಫ್ಯೂಷನ್‌ನ ನೀರಿನ ರಕ್ಷಣೆ ಮತ್ತು ಬ್ಯಾಟರಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಆದರೆ ಅಂಚು ಕಾಯುವ ದಪ್ಪ ಕವರ್ ಕಡ್ಡಾಯ, ನಾಲ್ಕು ವರ್ಷಕ್ಕೆ ಸುರಕ್ಷತೆ ಮುಗಿಯುತ್ತದೆ ಎಂಬ ಅರಿವೂ ಇರಬೇಕು. ಫೋನನ್ನು ಜೋಪಾನವಾಗಿ ಐದಾರು ವರ್ಷ ಬಳಸುವ ಮನೆಯ ಹಿರಿಯರಿಗೆ, ಅಂಗಡಿ ಲೆಕ್ಕ ಇಡುವವರಿಗೆ ಎ26 ನಿಧಾನವಾದರೂ ನೆಮ್ಮದಿಯ ಆಯ್ಕೆ. ಬಜೆಟ್ ಬಿಗಿಯಾಗಿರುವ, ಚಿತ್ರ ತೆಗೆಯುವ ಆಸೆಯಿರುವ ವಿದ್ಯಾರ್ಥಿಗೆ ಸಿಎಂಎಫ್ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ನೀಲಗಿರಿ ಹತ್ತುವಾಗ ಜೊತೆಗೆ ನೂರಿನ್ನೂರು ರೂಪಾಯಿಯ ವಾಟರ್‌ಪ್ರೂಫ್ ಪೌಚ್ ಇದ್ದರೆ ಐಪಿ54ರ ಕೊರತೆ ಬಹುಪಾಲು ನೀಗುತ್ತದೆ.

ಕೈಯಲ್ಲಿರುವ ಹಳೆಯ ಫೋನ್ ಇನ್ನೂ ಅಪ್‌ಡೇಟ್ ಪಡೆಯುತ್ತಿದ್ದು ಬ್ಯಾಟರಿ ಮಾತ್ರ ಸೋತಿದ್ದರೆ ನಾಲ್ಕನೇ ಉತ್ತರವೂ ಒಂದಿದೆ. ಬ್ಯಾಟರಿ ಬದಲಿಸಿ, ಇನ್ನೆರಡು ವರ್ಷ ದೂಡುವುದು. ಯಾವ ಕಂಪೆನಿಯೂ ಅದಕ್ಕೆ ಜಾಹೀರಾತು ಕೊಡುವುದಿಲ್ಲ. ಆದರೆ ಘಾಟಿಯ ತಿರುವಿನಲ್ಲಿ ಮನೆಗೆ ಕರೆ ಮಾಡಲು ಬೇಕಾದದ್ದು ಹೊಸ ಮಾದರಿಯ ಹೆಸರಲ್ಲ. ಎರಡು ಕಡ್ಡಿ ಸಿಗ್ನಲ್, ಇಪ್ಪತ್ತು ಶೇಕಡಾ ಚಾರ್ಜ್ ಇದ್ದರೆ ಸಾಕು.